ಹಿಡಿಕೆ ಬೇರೆ, ಹಿಡಿತ ಬೇರೆ

"ಅಣ್ಣಾ, ಹೆಂಗ ಹಿಡದ್ರೂ ಎಲ್ಲೆರೆ ಒಂದ ಕಡೆ ಒತ್ತತೈತ್ರಿ" ಎಂದು ಆ ಹುಡುಗಿ ಬಲಗೈ ಚಾಚಿ ನನ್ನ ಮುಂದೆ ಹಿಡಿದಳು. ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಸಂದಿಯಲ್ಲಿ ಚರ್ಮ ಕೆಂಪಗೆ ಗೆರೆ ಬಿದ್ದಿತ್ತು. ಕಿರುಬೆರಳಿನ ತುದಿ ಜೋಮು ಹಿಡಿದಿತ್ತು. ಇದು ಹೋದ ವರ್ಷದ ಬೇಸಿಗೆಯ ಮಾತು, ಕೊಲ್ಹಾಪುರದ ಒಂದು ಶೂಟಿಂಗ್ ರೇಂಜಿನಲ್ಲಿ. ಅವಳು ಶಿರೋಳ ತಾಲ್ಲೂಕಿನವಳು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ. ಕೋಚ್ ಸರ್ ಮರಾಠಿಯಲ್ಲಿ ಚೆನ್ನಾಗಿಯೇ ಹೇಳಿಕೊಡುತ್ತಾರೆ. ಆದರೆ ನೋವನ್ನು, ಕೈಯೊಳಗಿನ ಸಣ್ಣ ಸಣ್ಣ ಅನುಭವವನ್ನು ಹೇಳಿಕೊಳ್ಳಲು ಅವಳಿಗೆ ಮನೆಮಾತೇ ಬೇಕಿತ್ತು. ನಾನು ಇಚಲಕರಂಜಿಯವನು, ನಮ್ಮ ಮನೆಯಲ್ಲೂ ಕನ್ನಡವೇ. ಹಾಗಾಗಿ ನನ್ನ ಹತ್ತಿರ ಬಂದಳು. ಈ ವಿಷಯವನ್ನು ಕನ್ನಡದಲ್ಲಿ ಬಿಡಿಸಿ ಬರೆಯಬೇಕು ಎಂದು ಅವತ್ತೇ ಅನ್ನಿಸಿತ್ತು.

ನಾನು ಹೇಳುತ್ತಿರುವುದು 10 ಮೀಟರ್ ಏರ್ ಪಿಸ್ತೂಲಿನ ಬಗ್ಗೆ. ಗಾಳಿಯ ಒತ್ತಡದಿಂದ ಪೆಲೆಟ್ ಎಂಬ ಸಣ್ಣ ಗುಂಡು ಹಾರಿಸುವ ಪಿಸ್ತೂಲು ಇದು. ಸಿನಿಮಾದಲ್ಲಿ ಪೊಲೀಸರು ಎರಡೂ ಕೈಯಲ್ಲಿ ಪಿಸ್ತೂಲು ಹಿಡಿಯುತ್ತಾರೆ. ಅದು ಬೇರೆ ಕೆಲಸ, ಅದರ ಹಿಡಿತವೂ ಬೇರೆ. ಟಾರ್ಗೆಟ್ ಶೂಟಿಂಗಿನ ಈ ಪಂದ್ಯದಲ್ಲಿ ಒಂದೇ ಕೈ. ಮಣಿಕಟ್ಟಿಗೆ ಯಾವ ಪಟ್ಟಿ, ಯಾವ ಆಸರೆಯೂ ಇರಬಾರದು. ಇನ್ನೊಂದು ಕೈ ಸುಮ್ಮನಿರಬೇಕು. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಟರ್ಕಿಯ ಯೂಸುಫ್ ಡಿಕೆಚ್ ಎಡಗೈಯನ್ನು ಜೇಬಿನಲ್ಲಿಟ್ಟು ನಿಂತ ಫೋಟೋ ಊರೆಲ್ಲ ಹರಿದಾಡಿತಲ್ಲ, ಅದು ಸ್ಟೈಲ್ ಅಲ್ಲ. ಖಾಲಿ ಕೈ ಅಲುಗಿದರೆ ಭುಜ ಅಲುಗುತ್ತದೆ, ಭುಜ ಅಲುಗಿದರೆ ಪಿಸ್ತೂಲು ಅಲುಗುತ್ತದೆ. ಅದಕ್ಕೇ ಪಿಸ್ತೂಲು ಶೂಟರುಗಳು ಆ ಕೈಯನ್ನು ಜೇಬಿಗೋ ಬೆಲ್ಟಿಗೋ ಸಿಕ್ಕಿಸಿ ಕಟ್ಟಿಹಾಕುತ್ತಾರೆ.

ನಮ್ಮ ಕೊಲ್ಹಾಪುರ ಕಡೆ ಈ ಆಟಕ್ಕೆ ಒಳ್ಳೆಯ ಹೆಸರಿದೆ. ತೇಜಸ್ವಿನಿ ಸಾವಂತ್ 2010ರಲ್ಲಿ ಮ್ಯೂನಿಕ್‌ನಲ್ಲಿ ರೈಫಲ್‌ನಲ್ಲಿ ವಿಶ್ವ ಚಾಂಪಿಯನ್ ಆದರು. ರಾಹಿ ಸರ್ನೋಬತ್ 2018ರ ಏಷ್ಯನ್ ಗೇಮ್ಸಿನಲ್ಲಿ 25 ಮೀಟರ್ ಪಿಸ್ತೂಲಿನಲ್ಲಿ ಚಿನ್ನ ಗೆದ್ದರು. ರಾಧಾನಗರಿ ತಾಲ್ಲೂಕಿನ ಕಾಂಬಳವಾಡಿಯ ಸ್ವಪ್ನಿಲ್ ಕುಸಾಳೆ ಪ್ಯಾರಿಸ್‌ನಲ್ಲಿ ರೈಫಲ್ ಕಂಚು ತಂದರು. ಇವರನ್ನು ಕಂಡು ಹಳ್ಳಿಗಳಿಂದ ಮಕ್ಕಳು ರೇಂಜಿಗೆ ಬರುತ್ತಾರೆ. ಬಂದವರಲ್ಲಿ ಬಹಳ ಜನ ಮೊದಲ ಆರು ತಿಂಗಳಲ್ಲೇ ಎಡವುವುದು ಗುರಿಯಲ್ಲಲ್ಲ, ಹಿಡಿತದಲ್ಲಿ.

ಇಲ್ಲಿ ಒಂದು ಮಾತಿನ ಗೊಂದಲ ಮೊದಲು ಬಿಡಿಸಬೇಕು. ರೇಂಜಿನಲ್ಲಿ ಎಲ್ಲರೂ "ಗ್ರಿಪ್" ಅನ್ನುತ್ತಾರೆ. ಪಿಸ್ತೂಲಿನ ಮರದ ಭಾಗಕ್ಕೂ ಗ್ರಿಪ್, ಅದನ್ನು ಹಿಡಿಯುವ ರೀತಿಗೂ ಗ್ರಿಪ್. "ನಿನ್ನ ಗ್ರಿಪ್ ಸರಿ ಇಲ್ಲ" ಅಂದರೆ ಮರ ಸರಿ ಇಲ್ಲವೋ, ಕೈ ಸರಿ ಇಲ್ಲವೋ ಮಗುವಿಗೆ ತಿಳಿಯುವುದಿಲ್ಲ. ಕನ್ನಡದಲ್ಲಿ ನಮಗೆ ಎರಡು ಮಾತಿವೆ. ಮರದ್ದು ಹಿಡಿಕೆ. ಕೈಯದ್ದು ಹಿಡಿತ. ಕುಡುಗೋಲಿನ ಹಿಡಿಕೆ ಸಡಿಲಾದರೆ ಬಡಗಿಯ ಹತ್ತಿರ ಹೋಗುತ್ತೇವೆ. ಹಿಡಿತ ತಪ್ಪಿದರೆ ಹಿರಿಯರು ಕೈ ತಿದ್ದುತ್ತಾರೆ. ಪಿಸ್ತೂಲಿನಲ್ಲೂ ಹಾಗೇ. ಹಿಡಿಕೆಯ ತಪ್ಪನ್ನು ಹಿಡಿತದಿಂದ ಸರಿಮಾಡಲು ಹೋದರೆ ಕೈ ನೋಯುತ್ತದೆ. ಆ ಹುಡುಗಿಗೆ ಆಗಿದ್ದು ಅದೇ.

ಹಿಡಿತ ಯಾಕೆ ಇಷ್ಟು ಮುಖ್ಯ ಎಂದು ಒಂದು ಲೆಕ್ಕದಲ್ಲಿ ನೋಡೋಣ. ಪಿಸ್ತೂಲಿನ ಮೇಲೆ ಗುರಿ ನೋಡಲು ಎರಡು ಸೈಟ್ ಇರುತ್ತವೆ. ಹಿಂದಿನದರಲ್ಲಿ ಚೌಕಾಕಾರದ ಸಣ್ಣ ಕಚ್ಚು, ಮುಂದಿನದು ನೆಟ್ಟಗೆ ನಿಂತ ಒಂದು ಕಡ್ಡಿ. ಕಚ್ಚಿನ ನಡುವೆ ಕಡ್ಡಿ ನಿಲ್ಲಬೇಕು, ಎರಡು ಪಕ್ಕದಲ್ಲೂ ಒಂದೇ ಅಳತೆಯ ಬೆಳಕು ಕಾಣಬೇಕು, ಕಡ್ಡಿಯ ತಲೆ ಕಚ್ಚಿನ ಮೇಲಂಚಿಗೆ ಸಮನಾಗಿರಬೇಕು. ಎರಡು ಸೈಟುಗಳ ನಡುವೆ ಸುಮಾರು 33 ಸೆಂಟಿಮೀಟರ್. ಟಾರ್ಗೆಟ್ ಇರುವುದು 10 ಮೀಟರ್ ದೂರದಲ್ಲಿ, ಅಂದರೆ ಅದರ ಸುಮಾರು 30 ಪಟ್ಟು. ಮುಂದಿನ ಕಡ್ಡಿ ಕಚ್ಚಿನೊಳಗೆ ಬರೀ 1 ಮಿಲಿಮೀಟರ್ ಪಕ್ಕಕ್ಕೆ ಸರಿದರೆ ಪೆಲೆಟ್ ಟಾರ್ಗೆಟಿನಲ್ಲಿ 30 ಮಿಲಿಮೀಟರ್ ಆಚೆ ಬೀಳುತ್ತದೆ. ಟಾರ್ಗೆಟಿನ ನಟ್ಟನಡುವಿನ, ಹತ್ತು ಅಂಕದ ವೃತ್ತದ ಅಡ್ಡಳತೆ ಎಷ್ಟು ಗೊತ್ತಾ? 11.5 ಮಿಲಿಮೀಟರ್. ನಮ್ಮ ಶರ್ಟಿನ ಗುಂಡಿಯಷ್ಟು. 30 ಮಿಲಿಮೀಟರ್ ತಪ್ಪಿದರೆ ಹತ್ತು ಹೋಗಿ ಏಳು ಬರುತ್ತದೆ.

ಈಗ ಇನ್ನೊಂದು ಥರದ ತಪ್ಪು ನೋಡಿ. ಎರಡೂ ಸೈಟು ಸರಿಯಾಗಿ ಸಾಲಾಗಿ ನಿಂತಿವೆ, ಆದರೆ ಕೈ ನಡುಗಿ ಆ ಸಾಲೇ ಟಾರ್ಗೆಟಿನ ಮೇಲೆ 5 ಮಿಲಿಮೀಟರ್ ಆಚೆ ತೋರಿಸುತ್ತಿದೆ. ಆಗ ಪೆಲೆಟ್ಟೂ ಆಚೆ ಹೋಗುವುದು 5 ಮಿಲಿಮೀಟರ್ ಮಾತ್ರ. ಪೆಲೆಟ್ಟಿನ ದಪ್ಪ 4.5 ಮಿಲಿಮೀಟರ್, ಅದರ ಅಂಚು ವೃತ್ತಕ್ಕೆ ತಾಗಿದರೂ ಸಾಕು. ಹತ್ತು ಉಳಿಯುತ್ತದೆ. ಹೊಸಬರು ಈ ನಡುಕ ನೋಡಿಯೇ ಹೆದರುತ್ತಾರೆ, ಯಾಕೆಂದರೆ ಅದು ಕಣ್ಣಿಗೆ ದೊಡ್ಡದಾಗಿ ಕಾಣುತ್ತದೆ. ಸೈಟು ಸರಿದ ಆ 1 ಮಿಲಿಮೀಟರ್ ಅವರ ಗಮನಕ್ಕೇ ಬರುವುದಿಲ್ಲ. ಕಾಣುವ ತಪ್ಪು ಸಣ್ಣದು, ಕಾಣದ ತಪ್ಪು ದೊಡ್ಡದು. ಆ ಕಾಣದ ತಪ್ಪು ಬರುವುದು ಮಣಿಕಟ್ಟು ಮತ್ತು ಬೆರಳುಗಳಿಂದ, ಅಂದರೆ ಹಿಡಿತದಿಂದ.

ಹಾಗಾಗಿ ಹಿತವಾದ ಹಿಡಿತ ಎಂದರೆ ಮೆತ್ತಗೆ ಅನ್ನಿಸುವ ಹಿಡಿತವಲ್ಲ. ಪ್ರತಿ ಸಲ ಕೈ ಹೋಗಿ ಅದೇ ಜಾಗದಲ್ಲಿ ಕೂರುವ ಹಿಡಿತ. ಮಣಿಕಟ್ಟನ್ನು ತಿರುಚದೆ, ಬೆರಳನ್ನು ಎಳೆದಾಡದೆ, ಸೈಟುಗಳು ತಾವಾಗಿಯೇ ಸಾಲಿಗೆ ಬರುವ ಹಿಡಿತ. ಒಂದು ಪಂದ್ಯದಲ್ಲಿ 75 ನಿಮಿಷದಲ್ಲಿ 60 ಶಾಟ್. ಅದಕ್ಕೂ ಮೊದಲು ಅಭ್ಯಾಸದ ಶಾಟುಗಳು, ಜೊತೆಗೆ ಎತ್ತಿ ಹೊಡೆಯದೇ ಇಳಿಸಿದ್ದು. ಒಟ್ಟು ನೂರು ಸಲ ಪಿಸ್ತೂಲು ಎತ್ತುತ್ತೇವೆ ಎಂದಿಟ್ಟುಕೊಳ್ಳಿ. ಒಂದು ಲೀಟರ್ ಹಾಲಿನ ಪಾಕೀಟಿನಷ್ಟು ಭಾರ, ಅದೂ ತೋಳು ಪೂರ್ತಿ ಚಾಚಿ. ನೂರನೆಯ ಸಲವೂ ಕೈ ಮೊದಲನೆಯ ಸಲದ ಹಾಗೇ ಕೂತರೆ ಅದು ಹಿತವಾದ ಹಿಡಿತ.

ಹಾಗಾದರೆ ಹಿಡಿಯುವುದು ಹೇಗೆ? ಮೊದಲು ಪಿಸ್ತೂಲು ಖಾಲಿ ಇದೆ ಎಂದು ನೋಡಿಕೊಳ್ಳಿ, ಸೇಫ್ಟಿ ಫ್ಲ್ಯಾಗ್ (ನಳಿಗೆ ಖಾಲಿ ಎಂದು ತೋರಿಸುವ ಬಣ್ಣದ ದಾರ) ಹಾಕಿರಲಿ, ನಳಿಗೆ ಟಾರ್ಗೆಟ್ ಕಡೆಗೇ ಇರಲಿ, ತೋರುಬೆರಳು ಟ್ರಿಗರ್‌ನಿಂದ ದೂರ ಇರಲಿ. ಹೊಡೆಯುವ ಕೈಯಿಂದಲೇ ನೇರವಾಗಿ ಪಿಸ್ತೂಲು ಎತ್ತಬೇಡಿ. ಎಡಗೈಯಿಂದ ನಳಿಗೆಯ ಬುಡದ ಹತ್ತಿರ ಹಿಡಿದು, ಹಿಡಿಕೆಯನ್ನು ಬಲಗೈಯೊಳಗೆ ತಂದು ಕೂರಿಸಿ. ಹೆಬ್ಬೆರಳಿನ ಸಂದಿ ಆದಷ್ಟು ಮೇಲೆ, ಹಿಂಬದಿಯ ಬಾಗಿನೊಳಗೆ ಪೂರ್ತಿ ಸೇರಬೇಕು. ಕೈ ಎಷ್ಟು ಮೇಲಿರುತ್ತದೋ ನಳಿಗೆ ಮುಂಗೈಗೆ ಅಷ್ಟು ಹತ್ತಿರ ಬರುತ್ತದೆ, ಹೊಡೆದಾಗ ಮೂತಿ ಎಗರುವುದು ಅಷ್ಟು ಕಡಿಮೆಯಾಗುತ್ತದೆ. ಆಮೇಲೆ ನಡುಬೆರಳು, ಉಂಗುರಬೆರಳು ಮುಂದಿನಿಂದ ಸುತ್ತಿಕೊಂಡು ನೇರ ಹಿಂದಕ್ಕೆ ಒತ್ತಬೇಕು. ಪಕ್ಕಕ್ಕಲ್ಲ, ಹಿಂದಕ್ಕೆ. ಹಿಡಿತದ ಶಕ್ತಿಯೆಲ್ಲ ಈ ಎರಡು ಬೆರಳಿನದೇ. ಕಿರುಬೆರಳು ಜೊತೆಗಿದ್ದರೆ ಸಾಕು. ಹೆಬ್ಬೆರಳು ತನ್ನ ಜಾಗದಲ್ಲಿ ಸುಮ್ಮನೆ ಮಲಗಿರಲಿ. ಒತ್ತಿದರೆ ಪಿಸ್ತೂಲು ಪಕ್ಕಕ್ಕೆ ಹೋಗುತ್ತದೆ.

ತೋರುಬೆರಳು ಮಾತ್ರ ಈ ಗುಂಪಿಗೆ ಸೇರಿದ್ದಲ್ಲ. ಅದು ಮರಕ್ಕೆ ತಾಗಲೇಬಾರದು. ಬೆರಳಿಗೂ ಮರಕ್ಕೂ ನಡುವೆ ಒಂದು ಪೋಸ್ಟ್ ಕಾರ್ಡ್ ಆರಾಮಾಗಿ ಹೋಗಬೇಕು. ಟ್ರಿಗರ್ ಮೇಲೆ ಕೂರುವುದು ಮೊದಲ ಗೆಣ್ಣಿನ ಮೆತ್ತನೆಯ ಭಾಗದ ನಡುಮಧ್ಯ.

ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ಬಹಳಷ್ಟು ಶಾಟ್ ಕೆಡುವುದು ಇಲ್ಲೇ. ಎಡಗೈಯನ್ನು ಸಡಿಲವಾಗಿ ಮುಷ್ಟಿ ಮಾಡಿ. ಈಗ ತೋರುಬೆರಳನ್ನು ಮಾತ್ರ ಗಕ್ಕನೆ ಮಡಚಿ ನೋಡಿ. ನಡುಬೆರಳೂ ಅಲುಗಿತಲ್ವಾ? ಬೆರಳು ಮಡಚುವ ಸ್ನಾಯುಗಳು ಇರುವುದು ಮುಂಗೈಯಲ್ಲಿ. ಅಲ್ಲಿ ಅವು ಒಂದಕ್ಕೊಂದು ಅಂಟಿಕೊಂಡಿವೆ. ನಡುಬೆರಳು, ಉಂಗುರಬೆರಳು, ಕಿರುಬೆರಳು ಹೆಚ್ಚುಕಡಿಮೆ ಒಂದೇ ಸ್ನಾಯುವಿನಿಂದ ನಡೆಯುತ್ತವೆ, ತೋರುಬೆರಳಿಗೆ ಸ್ವಲ್ಪ ಜಾಸ್ತಿ ಸ್ವಾತಂತ್ರ್ಯ ಇದೆ ಅಷ್ಟೆ. ಅದು ಜೋರಾಗಿ ಎಳೆದರೆ ಉಳಿದವೂ ಜೊತೆಗೆ ಬಿಗಿಯುತ್ತವೆ.

ನಮ್ಮ ಅಜ್ಜಿಯ ಮನೆಯಲ್ಲಿ ಎಮ್ಮೆ ಇದ್ದವು. ಹಾಲು ಹಿಂಡುವಾಗ ಕೈ ಹೇಗೆ ನಡೆಯುತ್ತದೆ ನೆನಪಿಸಿಕೊಳ್ಳಿ. ಮೊದಲು ಹೆಬ್ಬೆರಳು, ತೋರುಬೆರಳು ಮೇಲೆ ಮುಚ್ಚುತ್ತವೆ, ಆಮೇಲೆ ಒಂದೊಂದಾಗಿ ಕೆಳಗಿನ ಬೆರಳುಗಳು ಬಿಗಿಯುತ್ತಾ ಬರುತ್ತವೆ. ಹಾಲು ಹಿಂಡಲು ಅದೇ ಸರಿ. ಟ್ರಿಗರ್ ಒತ್ತುವಾಗ ಕೈ ಅದನ್ನೇ ಮಾಡಿದರೆ ಮೂತಿ ಕೆಳಗೆ ಬಾಗುತ್ತದೆ, ಪೆಲೆಟ್ ಕೆಳಗೆ ಬೀಳುತ್ತದೆ. ನಮ್ಮ ರೇಂಜಿನಲ್ಲಿ ಹಳ್ಳಿ ಮಕ್ಕಳಿಗೆ ನಾನು ಹೇಳುವುದು ಇಷ್ಟೇ: "ಹಿಂಡಬ್ಯಾಡ, ಒತ್ತು." ಅವರಿಗೆ ಥಟ್ಟನೆ ತಿಳಿಯುತ್ತದೆ. ಏರ್ ಪಿಸ್ತೂಲಿನ ಟ್ರಿಗರ್‌ಗೆ ಕನಿಷ್ಠ 500 ಗ್ರಾಂ ಒತ್ತಡ ಬೇಕು ಎಂಬ ನಿಯಮವಿದೆ. ಪಿಸ್ತೂಲಿನ ತೂಕವೇ ಸುಮಾರು ಒಂದು ಕಿಲೋ. ಅದರ ಅರ್ಧದಷ್ಟು ಬಲವನ್ನು ಒಂದೇ ಬೆರಳು ಹಾಕಬೇಕು, ಉಳಿದ ಕೈಗೆ ಅದು ಗೊತ್ತೇ ಆಗಬಾರದು. ಇದಕ್ಕೆ ದಾರಿ ಒಂದೇ. ಪಿಸ್ತೂಲು ಎತ್ತುವ ಮೊದಲೇ ಉಳಿದ ಬೆರಳುಗಳ ಬಿಗಿ ಪೂರ್ತಿ ಸಿದ್ಧವಾಗಿರಬೇಕು. ಆಮೇಲೆ ಹೆಚ್ಚೂ ಆಗಬಾರದು, ಕಡಿಮೆಯೂ ಆಗಬಾರದು.

ಎಷ್ಟು ಬಿಗಿ? ಇದನ್ನು ಎಲ್ಲರೂ ಕೇಳುತ್ತಾರೆ. ನಾನು ಮಾಡುವ ಪರೀಕ್ಷೆ ಹೀಗಿದೆ. ಮೂತಿ ನಡುಗಲು ಶುರುವಾಗುವವರೆಗೆ ಬಿಗಿ ಮಾಡಿ. ನಡುಕ ಕಂಡ ಕೂಡಲೇ ನಿಧಾನಕ್ಕೆ ಸಡಿಲಿಸಿ. ನಡುಕ ನಿಂತಿತಲ್ಲ, ಅಲ್ಲಿಗೆ ಬಿಡಿ. ನಮ್ಮಪ್ಪ ಇಚಲಕರಂಜಿಯಲ್ಲಿ ಪವರ್‌ಲೂಮ್ ಕೆಲಸದವರು. ಮಗ್ಗದ ಮೇಲೆ ಹಾಸಿನ ಎಳೆ ಜಾಸ್ತಿ ಬಿಗಿಯಾದರೆ ಹರಿಯುತ್ತದೆ, ಸಡಿಲಾದರೆ ಬಟ್ಟೆ ಜಾಳಾಗುತ್ತದೆ. ಇವೆರಡಕ್ಕಿಂತ ಅವರಿಗೆ ಸಿಟ್ಟು ತರಿಸುತ್ತಿದ್ದುದು ನೇಯುತ್ತಿರುವಾಗಲೇ ಬಿಗಿ ಬದಲಾಗುವುದು. ಬಟ್ಟೆಯ ಮೇಲೆ ಪಟ್ಟೆ ಬೀಳುತ್ತದೆ, ಆಮೇಲೆ ಏನು ಮಾಡಿದರೂ ಹೋಗುವುದಿಲ್ಲ. ಹಿಡಿತವೂ ಥೇಟ್ ಹಾಗೇ. ಸ್ವಲ್ಪ ಬಿಗಿ ಹಿಡಿಯುವವರೂ ಚೆನ್ನಾಗಿ ಹೊಡೆಯುತ್ತಾರೆ, ಸ್ವಲ್ಪ ಸಡಿಲ ಹಿಡಿಯುವವರೂ ಹೊಡೆಯುತ್ತಾರೆ. ಶಾಟಿನ ನಡುವೆ ಬಿಗಿ ಬದಲಿಸುವವರಿಗೆ ಮಾತ್ರ ಆಗುವುದಿಲ್ಲ.

ಕೈ ಸರಿಯಾಗಿ ಕೂತಿದೆಯಾ ಎಂದು ತಿಳಿಯಲು ಕಣ್ಣು ಮುಚ್ಚಿ ನೋಡುವ ಪರೀಕ್ಷೆ ಇದೆ. ಖಾಲಿ ಪಿಸ್ತೂಲು, ಫೈರಿಂಗ್ ಲೈನಿನಲ್ಲಿ, ಕೋಚ್ ಹೇಳಿದ ಮೇಲೆ ಮಾತ್ರ. ಹಿಡಿತ ಕೂರಿಸಿ, ಪಿಸ್ತೂಲು ಎತ್ತಿ, ಕಣ್ಣು ಮುಚ್ಚಿ ಎರಡು ಉಸಿರು ತೆಗೆದುಕೊಳ್ಳಿ. ಕಣ್ಣು ತೆರೆದಾಗ ಮೊದಲು ಸೈಟ್ ನೋಡಿ, ಟಾರ್ಗೆಟ್ ಅಲ್ಲ. ಮುಂದಿನ ಕಡ್ಡಿ ಕಚ್ಚಿನ ನಡುವೆ ಇದೆಯಾ? ಎಡಕ್ಕೋ ಬಲಕ್ಕೋ ಸರಿದಿದ್ದರೆ ಮಣಿಕಟ್ಟು ತಿರುಗಿಸಿ ಸರಿಮಾಡಬೇಡಿ. ಪಿಸ್ತೂಲು ಇಳಿಸಿ, ಎಡಗೈಯಿಂದ ಹಿಡಿದು, ಬಲಗೈಯೊಳಗೆ ಹಿಡಿಕೆಯನ್ನೇ ಒಂದಿಷ್ಟು ತಿರುಗಿಸಿ ಮತ್ತೆ ಕೂರಿಸಿ. ಕಡ್ಡಿ ಮೇಲೋ ಕೆಳಗೋ ಇದ್ದರೆ ಹಿಡಿಕೆಯ ಓರೆ ಬದಲಿಸಬೇಕು. ಪಂದ್ಯದ ಪಿಸ್ತೂಲುಗಳಲ್ಲಿ ಇದಕ್ಕೆ ಸ್ಕ್ರೂ ಇರುತ್ತದೆ.

ಸೈಟುಗಳು ಸರಿಯಾಗಿ ಸಾಲಾಗಿವೆ, ಆದರೆ ಆ ಸಾಲು ಪಕ್ಕದವರ ಟಾರ್ಗೆಟ್ ಕಡೆ ನೋಡುತ್ತಿದೆ ಅಂದುಕೊಳ್ಳಿ. ಆಗ ಹಿಡಿತ ಮುಟ್ಟಲೇಬೇಡಿ. ಅದು ಕಾಲಿನ ತಪ್ಪು. ಹಿಂದಿನ ಪಾದವನ್ನು ಒಂದೆರಡು ಇಂಚು ಸರಿಸಿ, ಇಡೀ ಮೈ ತಿರುಗುತ್ತದೆ. ಸೈಟಿಗೂ ಸೈಟಿಗೂ ಹೊಂದದಿದ್ದರೆ ಕೈ ನೋಡಬೇಕು, ಸೈಟಿಗೂ ಟಾರ್ಗೆಟಿಗೂ ಹೊಂದದಿದ್ದರೆ ಪಾದ ನೋಡಬೇಕು. ಇದನ್ನು ಬೆರೆಸಿಕೊಂಡು ಒದ್ದಾಡುವ ಮಕ್ಕಳನ್ನು ನೋಡಿದರೆ ನನಗೆ ನಿಜವಾಗಿ ಸಂಕಟವಾಗುತ್ತದೆ. ಐದು ನಿಮಿಷದಲ್ಲಿ ತಿಳಿಯುವ ವಿಷಯ ಇದು.

ನಾನೂ ಒಂದು ವರ್ಷ ಕಳೆದುಕೊಂಡಿದ್ದೇನೆ. ಕಲಿಯಲು ಶುರುಮಾಡಿದ ಜಾಗದಲ್ಲಿ ಇದ್ದ ಪಿಸ್ತೂಲಿನ ಹಿಡಿಕೆ ಲಾರ್ಜ್ ಸೈಜಿನದು, ನನ್ನ ಕೈ ಸಣ್ಣದು. ಅದನ್ನು ಯಾರೂ ಗಮನಿಸಲಿಲ್ಲ. ತೋರುಬೆರಳಿನ ತುದಿ ಮಾತ್ರ ಟ್ರಿಗರ್‌ಗೆ ಎಟುಕುತ್ತಿತ್ತು. ತುದಿಯಿಂದ ಒತ್ತಿದರೆ ಟ್ರಿಗರ್ ನೇರ ಹಿಂದಕ್ಕೆ ಬರುವುದಿಲ್ಲ, ಪಕ್ಕಕ್ಕೆ ತಳ್ಳಿದಂತಾಗುತ್ತದೆ. ನನ್ನ ಶಾಟುಗಳೆಲ್ಲ ಎಡಕ್ಕೆ. ಸೈಟ್ ತಿರುಗಿಸಿ ತಿರುಗಿಸಿ ಹೊಂದಿಸಿದರು. ಮರುದಿನ ಕೈ ಬೇರೆ ಥರ ಕೂತು ಮತ್ತೆ ಕೆಡುತ್ತಿತ್ತು. ಕಣ್ಣಿನ ದೋಷವೇನೋ ಎಂದು ಡಾಕ್ಟರ ಹತ್ತಿರವೂ ಹೋಗಿಬಂದೆ.

ತಪ್ಪು ಹಿಡಿಕೆಯಲ್ಲಿದೆ ಎಂದು ತಿಳಿದದ್ದು ಕೊಲ್ಹಾಪುರದ ಹತ್ತಿರದ ಗುಡ್ಡದ ದೇವರು ಜ್ಯೋತಿಬಾನಿಂದ. ಚೈತ್ರದ ಜಾತ್ರೆಗೆ ಹೋಗಿದ್ದೆ. ಅಲ್ಲಿ ಗುಲಾಲು ಹೇಗೆ ಎರಚುತ್ತಾರೆ ಎಂದು ನಮ್ಮ ಕಡೆಯವರಿಗೆ ಗೊತ್ತು, ಗುಡ್ಡಕ್ಕೆ ಗುಡ್ಡವೇ ಕೆಂಪಾಗುತ್ತದೆ. ಎರಡು ಸಲ ಸೋಪು ಹಾಕಿ ತೊಳೆದರೂ ಅಂಗೈ ಗೆರೆಗಳಲ್ಲಿ ಬಣ್ಣ ಉಳಿದಿತ್ತು. ಮರುದಿನ ಅಭ್ಯಾಸ ಮುಗಿಸಿ ಪಿಸ್ತೂಲು ಪೆಟ್ಟಿಗೆಗೆ ಇಡುವಾಗ ನೋಡಿದೆ. ಬೆವರಿನ ಜೊತೆ ಗುಲಾಲು ಹಿಡಿಕೆಗೆ ಹತ್ತಿತ್ತು. ಹೆಬ್ಬೆರಳ ಬುಡದಲ್ಲಿ ಒಂದು ಗಾಢ ಕಲೆ. ಅಂಗೈ ಹಿಮ್ಮಡಿಯಲ್ಲಿ ಒಂದು. ಉಂಗುರಬೆರಳಿನ ತುದಿಯಲ್ಲಿ ಒಂದು. ನಡುವೆ ಅಂಗೈ ಕುಳಿಯ ಜಾಗದಲ್ಲಿ ಮರ ಹಾಗೇ ಬೆಳ್ಳಗೆ. ನನ್ನ ಕೈ ಹಿಡಿಕೆಯನ್ನು ಹಿಡಿದಿರಲೇ ಇಲ್ಲ, ಬರೀ ಮೂರು ಜಾಗದಲ್ಲಿ ಮುಟ್ಟಿತ್ತು. ಹಾಗಾಗಿ ಅದು ದಿನಕ್ಕೊಂದು ಕಡೆ ವಾಲುತ್ತಿತ್ತು.

ಈಗ ನಾನು ಮಕ್ಕಳಿಗೆ ಇದನ್ನೇ ಮಾಡಿಸುತ್ತೇನೆ. ಗುಲಾಲು ಬೇಡ, ಮರಕ್ಕೆ ಬಣ್ಣ ಹತ್ತುತ್ತದೆ. ಸೀಮೆಸುಣ್ಣದ ಪುಡಿ ಸಾಕು. ಅಂಗೈಗೆ ತೆಳುವಾಗಿ ಸವರಿ, ಹಿಡಿದು, ಬಿಟ್ಟು ನೋಡಿ. ಪುಡಿ ಎಲ್ಲ ಕಡೆ ಒಂದೇ ಸಮ ಹತ್ತಿದ್ದರೆ ಹಿಡಿಕೆ ನಿಮ್ಮ ಕೈಯದೇ. ಒಂದೇ ಕಡೆ ದಟ್ಟವಾಗಿ ಹತ್ತಿದ್ದರೆ ಅಲ್ಲಿ ಮರ ಉಬ್ಬಿದೆ, ಪಾಲಿಶ್ ಪೇಪರಿನಿಂದ ಸವೆಸಬೇಕು. ಹತ್ತದೇ ಇದ್ದ ಕಡೆ ಪಿಸ್ತೂಲಿನ ಹಿಡಿಕೆಗೆ ಬಳಸುವ ಪುಟ್ಟಿ ತುಂಬಬೇಕು. ಪುಟ್ಟಿ ಹಸಿ ಇರುವಾಗ ಮೇಲೆ ತೆಳ್ಳನೆಯ ಪ್ಲಾಸ್ಟಿಕ್ ಹಾಕಿ ಕೈ ಒತ್ತಿದರೆ ಅಚ್ಚು ಬೀಳುತ್ತದೆ. ಆದರೆ ಮೊದಲು ಸೈಜ್ ಸರಿ ಇರಲಿ. ಹಿಡಿಕೆಗಳು ಸ್ಮಾಲ್, ಮೀಡಿಯಂ, ಲಾರ್ಜ್ ಎಂದು ಬರುತ್ತವೆ, ಮಕ್ಕಳಿಗೆ ಅದಕ್ಕಿಂತ ಸಣ್ಣವೂ ಸಿಗುತ್ತವೆ. ಲಾರ್ಜ್ ಹಿಡಿಕೆಯನ್ನು ಎಷ್ಟು ಸವೆಸಿದರೂ ಸ್ಮಾಲ್ ಆಗುವುದಿಲ್ಲ. ಸವೆಸುವಾಗಲೂ ದಿನಕ್ಕೆ ಕೂದಲೆಳೆಯಷ್ಟೇ ಸವೆಸಿ, ಒಂದು ವಾರ ಹೊಡೆದು ನೋಡಿ. ತೆಗೆದ ಮರ ವಾಪಸ್ ಬರುವುದಿಲ್ಲ. ನಿಯಮವೂ ನೆನಪಿರಲಿ. ಪಿಸ್ತೂಲು 420 × 200 × 50 ಮಿಲಿಮೀಟರ್ ಪೆಟ್ಟಿಗೆಯೊಳಗೆ ಹಿಡಿಸಬೇಕು, ಹಿಡಿಕೆಯ ಯಾವ ಭಾಗವೂ ಕೈಯನ್ನು ಸುತ್ತಿ ಮುಚ್ಚಬಾರದು.

ಹಿಡಿಕೆಯ ಕೆಳಗೆ ಅಂಗೈ ಅಂಚಿಗೆ ಆಸರೆ ಕೊಡುವ ಒಂದು ಮರದ ಪಟ್ಟಿ ಇರುತ್ತದೆ, ಪಾಮ್ ಶೆಲ್ಫ್ ಎನ್ನುತ್ತಾರೆ. ಅದು ಮೇಲೆ ಕೆಳಗೆ ಸರಿಯುತ್ತದೆ. ಹೊಸಬರು ಕೈ ಅಲುಗಬಾರದೆಂದು ಅದನ್ನು ಮೇಲಕ್ಕೆ ಬಿಗಿದು ಕೈಯನ್ನು ಇಕ್ಕಳದಲ್ಲಿ ಸಿಕ್ಕಿಸಿದಂತೆ ಮಾಡಿಕೊಳ್ಳುತ್ತಾರೆ. ಆ ಹುಡುಗಿಯ ಕಿರುಬೆರಳು ಜೋಮು ಹಿಡಿಯಲು ಇದೇ ಕಾರಣ. ಸಂದಿಯಲ್ಲಿ ಕೆಂಪು ಗೆರೆ ಬಿದ್ದದ್ದೂ ಅದರಿಂದಲೇ, ಕೆಳಗಿನ ಪಟ್ಟಿ ಕೈಯನ್ನು ಮೇಲಿನ ಮರದ ಅಂಚಿಗೆ ತಳ್ಳುತ್ತಿತ್ತು. ಪಟ್ಟಿ ಅಂಗೈಗೆ ತಾಗಬೇಕು, ಅದುಮಬಾರದು.

ಎಡಗೈಯವರಿಗೆ ಎಡಗೈಯ ಹಿಡಿಕೆಯೇ ಬೇಕು. ನಮ್ಮಲ್ಲಿ ಅದು ಸಿಗುವುದು ಕಷ್ಟ ಎಂದು ಮಕ್ಕಳಿಗೆ ಬಲಗೈ ಅಭ್ಯಾಸ ಮಾಡಿಸುವವರಿದ್ದಾರೆ, ನನಗೆ ಅದು ಒಪ್ಪಿಗೆಯಿಲ್ಲ. ಹಂಗೇರಿಯ ಕರೋಲಿ ಟಕಾಚ್ 1938ರಲ್ಲಿ ಗ್ರೆನೇಡ್ ಸಿಡಿದು ಬಲಗೈ ಕಳೆದುಕೊಂಡವರು, ಎಡಗೈಯಲ್ಲಿ ಹೊಸದಾಗಿ ಕಲಿತು 1948ರಲ್ಲೂ 1952ರಲ್ಲೂ ರ‍್ಯಾಪಿಡ್ ಫೈರ್ ಪಿಸ್ತೂಲಿನಲ್ಲಿ ಒಲಿಂಪಿಕ್ ಚಿನ್ನ ಗೆದ್ದರು. ಅವರಿಗೆ ಬೇರೆ ದಾರಿ ಇರಲಿಲ್ಲ. ಹುಟ್ಟಾ ಎಡಚರಾದ ಮಗುವಿಗೆ ದಾರಿ ಇದೆ, ಒಂದು ಹಿಡಿಕೆ ತರಿಸಿಕೊಟ್ಟರೆ ಸಾಕು.

ಹುಡುಗಿಗೆ ಸ್ಮಾಲ್ ಹಿಡಿಕೆ ಸಿಕ್ಕಿತು. ಸಂದಿಗೆ ತಾಗುತ್ತಿದ್ದ ಅಂಚನ್ನು ಒಂದಿಷ್ಟು ದುಂಡಗೆ ಮಾಡಿದೆವು, ಪಾಮ್ ಶೆಲ್ಫ್ ಇಳಿಸಿದೆವು, ಟ್ರಿಗರನ್ನು ಸ್ಕ್ರೂ ಸಡಿಲಿಸಿ ಹಿಂದಕ್ಕೆ ತಂದೆವು. ಎರಡು ವಾರ ಪೆಲೆಟ್ ಮುಟ್ಟಲಿಲ್ಲ. ಬಿಳಿ ಗೋಡೆಯ ಮುಂದೆ ಬರೀ ಡ್ರೈ ಫೈರ್, ಅಂದರೆ ಖಾಲಿ ಪಿಸ್ತೂಲಿನ ಟ್ರಿಗರ್ ಒತ್ತುವುದು, ದಿನಕ್ಕೆ ನಲವತ್ತು ಸಲ. ಗೋಡೆಯಲ್ಲಿ ಗುರಿಯೇ ಇಲ್ಲದ್ದರಿಂದ ಕಣ್ಣು ಸೈಟ್ ಬಿಟ್ಟು ಬೇರೆಲ್ಲೂ ಹೋಗುವುದಿಲ್ಲ. ಟ್ರಿಗರ್ ಬಿದ್ದ ಕ್ಷಣ ಮುಂದಿನ ಕಡ್ಡಿ ಎತ್ತ ಅಲುಗಿತು ಎಂದು ಪ್ರತಿ ಸಲ ನನಗೆ ಹೇಳುತ್ತಿದ್ದಳು. ಮೊದಲು "ಕೆಳಗ್ರಿ, ಕೆಳಗ್ರಿ". ಎರಡನೆಯ ವಾರ ಮುಗಿಯುವಾಗ "ನಿಂತತ್ರಿ ಅಣ್ಣಾ".

ಮಳೆಗಾಲ ಬಂದಾಗ ಅವಳಿಗೆ ಮತ್ತೆ ಗೊಂದಲವಾಯಿತು. ನಮ್ಮ ಕಡೆ ಜುಲೈ, ಆಗಸ್ಟ್‌ನಲ್ಲಿ ಪಂಚಗಂಗೆ ತುಂಬಿ ಹರಿಯುವಾಗ ಗಾಳಿಯೆಲ್ಲ ತೇವ. ಮರ ಒಂದಿಷ್ಟು ಉಬ್ಬುತ್ತದೆ, ಅಂಗೈ ಬೇಗ ಒಣಗುವುದಿಲ್ಲ. ಬೇಸಿಗೆಯ ಮಧ್ಯಾಹ್ನ ಬೆರಳು ಊದಿದರೆ ಹಿಡಿಕೆ ಬಿಗಿ ಅನ್ನಿಸುತ್ತದೆ, ಚಳಿಯ ಬೆಳಗಿಗೆ ಅದೇ ಹಿಡಿಕೆ ಸಡಿಲ. ಆಗೆಲ್ಲ ಹಿಡಿತ ಬದಲಿಸಬೇಡ, ಪಾಮ್ ಶೆಲ್ಫ್ ಪಟ್ಟಿಯ ಸ್ಕ್ರೂ ಸಡಿಲಿಸಿ ಒಂದು ಕೂದಲಷ್ಟು ಸರಿಸು, ಸರಿಸಿದ ಜಾಗಕ್ಕೆ ಗುರುತು ಹಾಕು ಎಂದೆ. ಈಗ ಅವಳ ಹಿಡಿಕೆಯ ಪಕ್ಕದಲ್ಲಿ ಎರಡು ಪೆನ್ಸಿಲ್ ಗೆರೆಗಳಿವೆ. ಒಂದರ ಮುಂದೆ "ಬಿಸಲ", ಇನ್ನೊಂದರ ಮುಂದೆ "ಮಳಿ" ಎಂದು ಕನ್ನಡದಲ್ಲಿ ಸಣ್ಣಗೆ ಬರೆದುಕೊಂಡಿದ್ದಾಳೆ.